ಬಿಸ್ಕತ್ತಿನ ಡಬ್ಬಿ ತುಂಬುವ ಹೊತ್ತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಡಿಸೆಂಬರ್ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಸಾರು, ಹುಳಿ, ಉಪ್ಪಿನಕಾಯಿ ಹಿಂದೆ ಸರಿದು ಬಿಸ್ಕತ್ತು ಮುಂದೆ ಬಂದು ಕೂರುತ್ತದೆ. ಮಕ್ಕಳಿಗೆ ಕ್ರಿಸ್‌ಮಸ್ ರಜೆ, ಬೆಳಿಗ್ಗೆ ಚಳಿ, ಡಬ್ಬಿಯಲ್ಲಿ ತುಪ್ಪ ತಾನಾಗಿ ಗಟ್ಟಿಯಾಗಿರುವ ಕಾಲ. ಬಿಸ್ಕತ್ತಿಗೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಮೊದಲೇ ಒಂದು ಮಾತು. ಕೆಳಗಿನ ಅಳತೆಯೆಲ್ಲ ಗ್ರಾಂನಲ್ಲಿದೆ. ಚಮಚ ಎಂದರೆ ಮಟ್ಟ ಮಾಡಿದ ಅಳತೆಯ ಚಮಚ: ಟೀ ಚಮಚ 5 ಮಿಲಿ, ಟೇಬಲ್ ಚಮಚ 15 ಮಿಲಿ. "ಗ್ರಾಂ ಬೇಡ, ಲೋಟದ ಲೆಕ್ಕ ಕೊಡಿ" ಎಂದು ನಾಲ್ಕೈದು ಜನ ಕೇಳಿದ್ದಾರೆ. 240 ಮಿಲಿ ಕಪ್ಪಿಗೆ ಮೈದಾವನ್ನು ಸಡಿಲವಾಗಿ ಸುರಿದರೆ 120 ಗ್ರಾಂ ಹಿಡಿಯುತ್ತದೆ, ಅದೇ ಕಪ್ಪನ್ನು ಹಿಟ್ಟಿನ ಡಬ್ಬಿಯೊಳಗೆ ಅದ್ದಿ ಒತ್ತಿ ತೆಗೆದರೆ 150 ಗ್ರಾಂ. ಸಾರಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ, ಬಿಸ್ಕತ್ತಿಗೆ ಇದೇ ಎಲ್ಲ. ಒಂದು ಸಣ್ಣ ಅಡುಗೆಮನೆ ತಕ್ಕಡಿ ಕೊಂಡುಬಿಡಿ.

ನಾನ್‌ಖಟಾಯಿ ಉಂಡಿ ಮಾಡಿ ಓವನ್ನಿನ್ಯಾಗ ಇಟ್ರ ಹತ್ತು ನಿಮಿಷದಾಗ ಹಪ್ಪಳದಂಗ ಹರಡತಾವ. ಹಿಟ್ಟು ಜಾಸ್ತಿ ಹಾಕಿದ್ರ ಕಲ್ಲಾಗತಾವ. ಏನ್ ತಪ್ಪಾಗೈತಿ?
— ಧಾರವಾಡದ ಓದುಗರು

ಮೊದಲ ಅನುಮಾನ ತುಪ್ಪದ ಮೇಲೆ. ಕಾಯಿಸಿ ಕರಗಿಸಿದ ತುಪ್ಪ ಹಾಕಿರುತ್ತೀರಿ. ಕರಗಿದ ತುಪ್ಪದಲ್ಲಿ ಕಲಸಿದ ಹಿಟ್ಟು ಓವನ್ನಿನ ಬಿಸಿ ತಾಗಿದ ಕೂಡಲೇ ಹರಿಯಲು ಶುರು ಮಾಡುತ್ತದೆ, ಅದನ್ನು ಹಿಡಿದು ನಿಲ್ಲಿಸಬೇಕಾದ ಹಿಟ್ಟು ಇನ್ನೂ ಬೆಂದಿರುವುದಿಲ್ಲ. ಗಟ್ಟಿ ತುಪ್ಪವಾದರೆ ಕರಗಲು ಹೊತ್ತು ಹಿಡಿಯುತ್ತದೆ; ಅಷ್ಟರಲ್ಲಿ ಅಂಚು ಬೆಂದು ಆಕಾರ ನಿಲ್ಲುತ್ತದೆ. ತುಪ್ಪ ಹರಳು ಹರಳಾಗಿ, ಬೆರಳಿಟ್ಟರೆ ಗುಳಿ ಬೀಳುವ ಹದದಲ್ಲಿರಬೇಕು. ಎರಡನೆಯ ಅನುಮಾನ ಸಕ್ಕರೆ. ಹರಳು ಸಕ್ಕರೆ ಕಲಸುವಾಗ ಕರಗದೆ ಓವನ್ನಿನಲ್ಲಿ ಕರಗಿ ಪಾಕವಾಗಿ ಬಿಸ್ಕತ್ತನ್ನು ಎಳೆದುಕೊಂಡು ಹೋಗುತ್ತದೆ. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದೇ ಹಾಕಿ. ಮೂರನೆಯದು ಸೋಡಾ. ಅರಳಲಿ ಎಂದು ಅರ್ಧ, ಮುಕ್ಕಾಲು ಚಮಚ ಹಾಕುವವರಿದ್ದಾರೆ. ಸೋಡಾ ಹೆಚ್ಚಾದಷ್ಟೂ ಬಿಸ್ಕತ್ತು ಉಬ್ಬಿ ಕುಸಿದು ಅಗಲವಾಗುತ್ತದೆ, ಬೇಗ ಕೆಂಪಾಗುತ್ತದೆ, ಬಾಯಲ್ಲಿ ಸಾಬೂನಿನ ಒಗರು ಉಳಿಯುತ್ತದೆ.

ಹಿಟ್ಟು ಹೆಚ್ಚು ಹಾಕುವುದು ಇದಕ್ಕೆ ಮದ್ದಲ್ಲ. ಈ ಅಳತೆ ಹಿಡಿಯಿರಿ: ಮೈದಾ 150 ಗ್ರಾಂ, ಕಡಲೆ ಹಿಟ್ಟು 40, ಚಿರೋಟಿ ರವೆ 30, ಪುಡಿ ಸಕ್ಕರೆ 90, ಗಟ್ಟಿ ತುಪ್ಪ 125, ಅಡುಗೆ ಸೋಡಾ ಕಾಲು ಟೀ ಚಮಚ, ಚಿಟಿಕೆ ಉಪ್ಪು, ನಾಲ್ಕು ಏಲಕ್ಕಿಯ ಪುಡಿ. ತುಪ್ಪ ಮತ್ತು ಸಕ್ಕರೆಯನ್ನು ಅಂಗೈಯಿಂದಲೋ ಮರದ ಸೌಟಿನಿಂದಲೋ ಐದಾರು ನಿಮಿಷ ಒಂದೇ ದಿಕ್ಕಿಗೆ ತಿಕ್ಕಿ. ಹಳದಿ ಬಣ್ಣ ಕಳೆದು ಬೆಳ್ಳಗೆ, ಹಗುರಾಗಬೇಕು. ಉಳಿದವನ್ನೆಲ್ಲ ಒಟ್ಟಿಗೆ ಜರಡಿ ಹಿಡಿದು ಹಾಕಿ ಬೆರಳ ತುದಿಯಲ್ಲಿ ಕೂಡಿಸಿ. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ. ಹಿಟ್ಟು ಕೂಡಿಕೊಳ್ಳದೆ ಉದುರುತ್ತಿದ್ದರೆ ಒಂದು ಟೀ ಚಮಚ ತುಪ್ಪ ಹಾಕಿ. ಹಾಲು, ನೀರು ಬೇಡ. ತುಪ್ಪದಲ್ಲಿ ನೀರಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಮೈದಾದ ಅಂಟು ಎಳೆ ಕಟ್ಟುವುದಿಲ್ಲ, ನಾನ್‌ಖಟಾಯಿ ಬಾಯಲ್ಲಿ ಪುಡಿಯಾಗುವುದು ಅದಕ್ಕೇ. ಹಾಲು ಬಿತ್ತೋ, ನೀವು ಹೇಳಿದ ಕಲ್ಲು ಸಿದ್ಧ.

20 ಗ್ರಾಂನ ಉಂಡೆ ಕಟ್ಟಿ, ಹಗುರಾಗಿ ಒತ್ತಿ, ಎರಡು ಬೆರಳು ಅಂತರ ಬಿಟ್ಟು ತಟ್ಟೆಯಲ್ಲಿ ಜೋಡಿಸಿ ಫ್ರಿಜ್ಜಿನಲ್ಲಿ 20 ನಿಮಿಷ ಇಡಿ. ಓವನ್ ಪೂರ್ತಿ ಕಾದ ಮೇಲೆ 165 ಡಿಗ್ರಿಯಲ್ಲಿ 15ರಿಂದ 18 ನಿಮಿಷ. ಮೇಲೆ ಬಿರುಕು ಬಿಡಬೇಕು, ಬಣ್ಣ ಹೆಚ್ಚು ಬರಬಾರದು. ಒಂದನ್ನು ಎತ್ತಿ ನೋಡಿದರೆ ಅಡಿ ಮಾತ್ರ ತಿಳಿ ಹೊಂಬಣ್ಣಕ್ಕೆ ತಿರುಗಿರಬೇಕು. ಆಗ ಮುಟ್ಟಿದರೆ ಮೆತ್ತಗಿರುತ್ತದೆ. ಬೆಂದಿಲ್ಲವೆಂದು ಮತ್ತೆ ಒಳಗೆ ತಳ್ಳಬೇಡಿ, ಆರುತ್ತಾ ಗಟ್ಟಿಯಾಗುತ್ತದೆ. ಇಡೀ ತಟ್ಟೆ ಇಡುವ ಮೊದಲು ಒಂದೇ ಒಂದನ್ನು ಬೇಯಿಸಿ ನೋಡುವುದು ಎಲ್ಲಕ್ಕಿಂತ ಅಗ್ಗದ ವಿಮೆ.

ಮನೆಯಲ್ಲೇ ಕಡೆದ ಬೆಣ್ಣೆಯಿದೆ. ಅದನ್ನೇ ಬಳಸಬಹುದೇ? ಡಾಲ್ಡಾ ಹಾಕಿದರೆ ಚೆನ್ನಾಗಿ ಬರುತ್ತದೆ ಎನ್ನುತ್ತಾರಲ್ಲ?
— ಹಾಸನದ ಓದುಗರು

ಬಳಸಬಹುದು, ನೀರು ತೆಗೆದರೆ. ಪ್ಯಾಕೆಟ್ ಬೆಣ್ಣೆಯಲ್ಲಿ ಕನಿಷ್ಠ 80 ಭಾಗ ಕೊಬ್ಬು, ಹೆಚ್ಚೆಂದರೆ 16 ಭಾಗ ನೀರು ಇರಬೇಕೆಂಬ ನಿಯಮವಿದೆ. ಮನೆ ಬೆಣ್ಣೆಗೆ ಅಂಥ ಲೆಕ್ಕವಿಲ್ಲ; ಒಂದು ದಿನದ ಬೆಣ್ಣೆಯಂತೆ ಇನ್ನೊಂದು ದಿನದ್ದಿರುವುದಿಲ್ಲ. ತಣ್ಣೀರಿನಲ್ಲಿ ಮೂರು ನಾಲ್ಕು ಸಲ ತೊಳೆದು, ತೊಳೆದ ನೀರು ತಿಳಿಯಾದ ಮೇಲೆ ಅಂಗೈಯಲ್ಲಿ ಒತ್ತಿ ಒತ್ತಿ ನೀರು ಹಿಂಡಿ, ಆಮೇಲೆ ತೂಗಿ. ಮಜ್ಜಿಗೆ ಉಳಿದರೆ ಬಿಸ್ಕತ್ತಿಗೆ ಹುಳಿ ವಾಸನೆ ಬರುತ್ತದೆ, ಬೇಗ ಕೆಡುತ್ತದೆ. ಅಷ್ಟು ತಾಳ್ಮೆ ಇಲ್ಲದಿದ್ದರೆ ಕಾಯಿಸಿ ತುಪ್ಪ ಮಾಡಿಕೊಳ್ಳಿ: 100 ಗ್ರಾಂ ಬೆಣ್ಣೆ ಹೇಳಿದ ಕಡೆ 80 ಗ್ರಾಂ ತುಪ್ಪ, ಜೊತೆಗೆ ಒಂದು ಟೇಬಲ್ ಚಮಚ ಹಾಲು. (ಇದು ನಾನ್‌ಖಟಾಯಿಗಲ್ಲ, ಬೆಣ್ಣೆ ಬಿಸ್ಕತ್ತಿಗೆ.) ಉಪ್ಪಿನ ಬೆಣ್ಣೆ ಬಳಸುವವರು ಬೇರೆ ಉಪ್ಪು ಹಾಕದಿದ್ದರೆ ಸಾಕು.

ಡಾಲ್ಡಾ, ಅಂದರೆ ವನಸ್ಪತಿ, ಬೆಣ್ಣೆಗಿಂತ ಹೆಚ್ಚಿನ ಬಿಸಿಯಲ್ಲಿ ಕರಗುತ್ತದೆ. ಅದಕ್ಕೇ ಬಿಸ್ಕತ್ತು ಹರಡದೆ ದುಂಡಗೆ ನಿಲ್ಲುತ್ತದೆ, ಬೇಕರಿಯವರಿಗೆ ಅದು ಪ್ರಿಯ. ಆದರೆ ಅದೇ ಕಾರಣಕ್ಕೆ ಬಾಯಲ್ಲೂ ಕರಗದೆ ಅಂಗುಳಕ್ಕೆ ಮೇಣದಂತೆ ಹತ್ತುತ್ತದೆ. 2022ರ ಜನವರಿಯಿಂದ ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬು ಶೇ 2ನ್ನು ಮೀರುವಂತಿಲ್ಲ, ಆದ್ದರಿಂದ ಹೃದಯಕ್ಕೆ ಕೆಡುಕೆಂಬ ಹಳೆಯ ಭಯ ಅಷ್ಟಿಲ್ಲ. ರುಚಿಯ ಮಾತಿಗೆ ಬಂದರೆ ನಾವು ಡಾಲ್ಡಾ ಪಕ್ಷದವರಲ್ಲ.

ನಮ್ಮಲ್ಲಿ ಓವನ್ ಇಲ್ಲ. ಕುಕ್ಕರಿನಲ್ಲಿ ಮಾಡಬಹುದು ಎಂದು ಓದಿದ್ದೇವೆ. ಅಡಿ ಕರಕಲು, ಮೇಲೆ ಹಸಿ.
— ಚಿತ್ರದುರ್ಗ ಜಿಲ್ಲೆಯ ಓದುಗರು

ಕುಕ್ಕರನ್ನು ಬಿಟ್ಟು ದಪ್ಪ ತಳದ ಹಳೆಯ ಬಾಣಲೆ ಅಥವಾ ಪಾತ್ರೆ ಹಿಡಿಯಿರಿ. ನೀರಿಲ್ಲದೆ ಅರ್ಧ ಗಂಟೆ ಕಾಯಿಸಿದರೆ ಕುಕ್ಕರಿನ ತಳ ಸೊಟ್ಟಗಾಗಬಹುದು, ಮುಚ್ಚಳದ ಸೇಫ್ಟಿ ವಾಲ್ವ್ ಹಾಳಾಗಬಹುದು. ಅದರಲ್ಲೇ ನಾಳೆ ಬೇಳೆ ಬೇಯಿಸಬೇಕಲ್ಲ! ನಾನ್‌ಸ್ಟಿಕ್ ಪಾತ್ರೆಯಂತೂ ಬೇಡವೇ ಬೇಡ, ಬರಿದಾಗಿ ಕಾದರೆ ಅದರ ಲೇಪ ಕೆಡುತ್ತದೆ.

ಪಾತ್ರೆಯ ತಳಕ್ಕೆ ಒಂದು ಬೆರಳು ದಪ್ಪ ಪುಡಿ ಉಪ್ಪು ಅಥವಾ ತೊಳೆದು ಒಣಗಿಸಿದ ಮರಳು ಹರಡಿ, ಮೇಲೆ ಎರಡು ಇಂಚು ಎತ್ತರದ ಸ್ಟ್ಯಾಂಡ್ ಇಡಿ. ಬಿಸಿ ನೇರ ತಟ್ಟೆಗೆ ಹೊಡೆಯದಂತೆ ಈ ಎತ್ತರ ತಡೆಯುತ್ತದೆ, ನಿಮ್ಮಲ್ಲಿ ಅಡಿ ಕರಕಲಾಗುತ್ತಿರುವುದು ಇದು ತಗ್ಗಾಗಿದ್ದಕ್ಕೆ. ಬಿಗಿ ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ 12 ನಿಮಿಷ ಕಾಯಿಸಿ. ಬಿಸ್ಕತ್ತಿನ ತಟ್ಟೆ ಪಾತ್ರೆಯ ಗೋಡೆಗೆ ತಾಗದೆ ಸುತ್ತ ಒಂದು ಬೆರಳು ಜಾಗ ಬಿಡಬೇಕು, ಬಿಸಿ ಗಾಳಿ ಮೇಲೇರುವುದು ಅಲ್ಲಿಂದಲೇ. ತಟ್ಟೆ ಇಟ್ಟ ಮೇಲೆ ಉರಿ ಪೂರ್ತಿ ಸಣ್ಣದು ಮಾಡಿ, 25 ನಿಮಿಷ ತೆರೆಯಬೇಡಿ. ಕೊನೆಯ ಐದು ನಿಮಿಷ ಮುಚ್ಚಳವನ್ನು ಓರೆ ಮಾಡಿ ಹಬೆ ಹೋಗಲು ಬಿಡಿ.

ಮೇಲ್ಗಡೆ ಓವನ್ನಿನಂಥ ಬಣ್ಣ ಇದರಲ್ಲಿ ಬರುವುದಿಲ್ಲ. ಬಣ್ಣಕ್ಕೆ ಕಾದು ಕೂತರೆ ಅಡಿ ಸೀಯುತ್ತದೆ. ಅದಕ್ಕೇ ಈ ವಿಧಾನಕ್ಕೆ ಬೆಳ್ಳಗೇ ಇರಬೇಕಾದ ನಾನ್‌ಖಟಾಯಿ ಒಳ್ಳೆಯ ಜೋಡಿ. ಒಂದು ಸಲಕ್ಕೆ ಆರೆಂಟಕ್ಕಿಂತ ಹೆಚ್ಚು ಇಡಬೇಡಿ. ಉಪ್ಪನ್ನು ಎಸೆಯಬೇಡಿ, ಡಬ್ಬಿಯಲ್ಲಿಟ್ಟರೆ ಮತ್ತೆ ಮತ್ತೆ ಇದೇ ಕೆಲಸಕ್ಕಾಗುತ್ತದೆ, ಅಡುಗೆಗಾಗುವುದಿಲ್ಲ.

ಅಯ್ಯಂಗಾರ್ ಬೇಕರಿಯ ಖಾರಾ ಬಿಸ್ಕತ್ತಿನ ಹದ ಮನೆಯಲ್ಲಿ ಯಾಕೆ ಬರುವುದಿಲ್ಲ? ನಮ್ಮದು ಮೊದಲ ದಿನ ಚೆನ್ನ, ಮರುದಿನ ಮೆತ್ತಗೆ.
— ಬೆಂಗಳೂರು, ಬಸವನಗುಡಿಯ ಓದುಗರು

ಮೆತ್ತಗಾಗುವುದು ಸೊಪ್ಪಿನ ನೀರಿನಿಂದ. ಕೊತ್ತಂಬರಿ, ಕರಿಬೇವು ತೊಳೆದು ಹಾಗೇ ಹೆಚ್ಚಿ ಹಾಕಿದರೆ ಎಲೆಗೆ ಹತ್ತಿದ ನೀರೆಲ್ಲ ಹಿಟ್ಟಿಗೆ ಸೇರುತ್ತದೆ. ಹಿಂದಿನ ರಾತ್ರಿಯೇ ತೊಳೆದು ಬಟ್ಟೆಯ ಮೇಲೆ ಹರಡಿಡಿ. ಶುಂಠಿ ತುರಿದರೆ ರಸ ಹಿಂಡಿ ತೆಗೆಯಿರಿ; ರಸಕ್ಕೆ ಬೇರೆ ಕೆಲಸವಿದೆ, ಸಂಜೆಯ ಚಹಾಕ್ಕೆ ಹಾಕಿ.

ಅಳತೆ: ಮೈದಾ 250 ಗ್ರಾಂ, ಉಪ್ಪಿಲ್ಲದ ತಣ್ಣನೆ ಬೆಣ್ಣೆ 125, ಪುಡಿ ಸಕ್ಕರೆ 20, ಉಪ್ಪು ಒಂದು ಟೀ ಚಮಚ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಜೀರಿಗೆ ಒಂದು ಟೀ ಚಮಚ, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ 4, ಕರಿಬೇವು ಎರಡು ಎಸಳು, ಒಂದು ಹಿಡಿ ಕೊತ್ತಂಬರಿ, ಗಟ್ಟಿ ಮೊಸರು ಎರಡರಿಂದ ಮೂರು ಟೇಬಲ್ ಚಮಚ. ಸಕ್ಕರೆ ಬಿಡಬೇಡಿ. ಬೇಕರಿ ಖಾರಾದ ರುಚಿ ನಾಲಿಗೆಗೆ ಮೊದಲು ತುಸು ಸಿಹಿಯಾಗಿ ತಾಗಿ ಆಮೇಲೆ ಖಾರ ಏರುವುದರಲ್ಲಿದೆ, ಬಣ್ಣವೂ ಆ ಸಕ್ಕರೆಯದೇ.

ಬೆಣ್ಣೆಯನ್ನು ಚೂರು ಮಾಡಿ ಮೈದಾಕ್ಕೆ ಹಾಕಿ ಬೆರಳ ತುದಿಯಲ್ಲಿ ಉಜ್ಜಿ, ಹಸಿ ರವೆಯ ಹಾಗೆ ತರಿ ತರಿಯಾಗಬೇಕು. ಹೀಗೆ ಉಜ್ಜುವಾಗ ಹಿಟ್ಟಿನ ಕಣಕ್ಕೆ ಕೊಬ್ಬು ಸವರಿಕೊಳ್ಳುತ್ತದೆ, ಮುಂದೆ ಮೊಸರಿನ ನೀರು ಬಿದ್ದರೂ ಅಂಟು ಅಷ್ಟಾಗಿ ಹುಟ್ಟುವುದಿಲ್ಲ. ನೀವು ಬೆಣ್ಣೆ, ಮೊಸರು ಎರಡನ್ನೂ ಒಟ್ಟಿಗೇ ಹಾಕಿ ಕಲಸುತ್ತಿದ್ದರೆ ಹದ ತಪ್ಪುವುದು ಅಲ್ಲೇ. ಮಿಕ್ಕದ್ದು ಬೆರೆಸಿ, ಮೊಸರನ್ನು ಕೊನೆಗೆ ಚಮಚ ಚಮಚವಾಗಿ ಹಾಕಿ ಉಂಡೆ ಕೂಡಿದ ಕೂಡಲೇ ಕೈ ನಿಲ್ಲಿಸಿ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, 5 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಕತ್ತರಿಸಿ, ಫೋರ್ಕಿನಿಂದ ಚುಚ್ಚಿ. ಚುಚ್ಚದಿದ್ದರೆ ನಡುವೆ ಹಬೆ ಸೇರಿ ಪೂರಿಯಾಗುತ್ತದೆ. 170 ಡಿಗ್ರಿಯಲ್ಲಿ 20ರಿಂದ 22 ನಿಮಿಷ, ಅಂಚು ಹೊಂಬಣ್ಣ ಬರುವವರೆಗೆ. ಆಮೇಲೆ ಓವನ್ ಆರಿಸಿ, ಬಾಗಿಲು ಸ್ವಲ್ಪ ತೆರೆದು, ಹತ್ತು ನಿಮಿಷ ಒಳಗೇ ಬಿಡಿ. ಮರುದಿನದ ಗರಿ ಈ ಹತ್ತು ನಿಮಿಷದಲ್ಲಿದೆ. ಸುಮಾರು ಮೂವತ್ತು ಬಿಸ್ಕತ್ತು ಆಗುತ್ತದೆ.

ಕುಸ್ವಾರಿಗೆ ಮಾಡಿದ ಕಿಡಿಯೊ ಎಣ್ಣೆಗೆ ಹಾಕಿದ ಕೂಡಲೇ ಬಾಯಿ ಬಿಡ್ತದೆ. ರೋಸ್ ಕುಕೀಸ್ ಅಚ್ಚಿಗೆ ಅಂಟಿಕೊಂಡು ಬಿಡುವುದೇ ಇಲ್ಲ ಮಾರಾಯ್ರೆ. ಎರಡಕ್ಕೂ ಒಂದು ದಾರಿ ಹೇಳಿ.
— ಮಂಗಳೂರಿನ ಓದುಗರು

ಇವೆರಡೂ ಓವನ್ನಿನವಲ್ಲ, ಬಾಣಲೆಯವು. ಆದರೆ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್ ತಟ್ಟೆ, ಅಂದರೆ ಕುಸ್ವಾರ್, ಇವಿಲ್ಲದೆ ತುಂಬುವುದಿಲ್ಲ. ನೆವ್ರಿ, ಗುಳಿಯೊ, ತುಕ್ಡಿ, ಚಕ್ಕುಲಿ ಸೇರಿ ನೆರೆಮನೆಗಳಿಗೆ ಹಂಚಿಕೆಯಾಗುವ ತಟ್ಟೆ ಅದು. ಕೊಂಕಣಿಯಲ್ಲಿ ಕಿಡಿಯೊ ಎಂದರೆ ಹುಳು. ಸುರುಳಿ ನೋಡಿದವರಿಗೆ ಹೆಸರು ಬೇರೆ ಹೇಳಬೇಕಾಗಿಲ್ಲ.

ಬಾಯಿ ಬಿಡುವುದಕ್ಕೆ ಕಾರಣ ಒಣಗಿದ ಮೈ. ಹಿಟ್ಟು ಅಂಟುತ್ತದೆಂದು ಒಣ ಮೈದಾ ಉದುರಿಸುತ್ತಾ ಸುತ್ತಿದರೆ ಸುರುಳಿಯ ಅಂಚು ಕೂಡಿಕೊಳ್ಳುವುದಿಲ್ಲ. ಒಣ ಹಿಟ್ಟಿನ ಬದಲು ಫೋರ್ಕಿಗೋ ಹೊಸ ಬಾಚಣಿಗೆಗೋ ಒಂದು ಹನಿ ಎಣ್ಣೆ ಸವರಿ. 500 ಗ್ರಾಂ ಮೈದಾಕ್ಕೆ ಬಿಸಿ ತುಪ್ಪ ಎರಡು ಟೇಬಲ್ ಚಮಚ, ಪುಡಿ ಸಕ್ಕರೆ 75 ಗ್ರಾಂ, ಅರ್ಧ ಟೀ ಚಮಚ ಉಪ್ಪು, ಒಂದು ಮೊಟ್ಟೆ, ದಪ್ಪ ತೆಂಗಿನಹಾಲು 150ರಿಂದ 175 ಮಿಲಿ. ಇಲ್ಲಿ ಮಾತ್ರ ಚೆನ್ನಾಗಿ ನಾದಬೇಕು, ಬಿಸ್ಕತ್ತಿನ ನಿಯಮ ಇದಕ್ಕಿಲ್ಲ. ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಡಿ. ಕಡಲೆಕಾಳಿಗಿಂತ ತುಸು ದೊಡ್ಡ ಉಂಡೆ ತೆಗೆದು ಫೋರ್ಕಿನ ಇಲ್ಲವೇ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಿ, ಅಂಚನ್ನು ಬೆರಳಲ್ಲಿ ಅದುಮಿ, ಅದುಮಿದ ಬದಿ ಅಡಿಗಾಗಿ ಇಡಿ. ಸುತ್ತಿದ್ದನ್ನು ಒದ್ದೆ ಬಟ್ಟೆಯಡಿಯೇ ಇರಿಸಿ. ಮನೆಯವರೆಲ್ಲ ಸುತ್ತ ಕೂತು ಮಾಡುವ ಕೆಲಸ ಇದು. ಒಬ್ಬರೇ ಮಾಡಲು ಹೊರಟರೆ ಕೊನೆಯದನ್ನು ಸುತ್ತುವಷ್ಟರಲ್ಲಿ ಮೊದಲಿನದು ಒಣಗಿ ಬಾಯಿ ತೆರೆದಿರುತ್ತದೆ. ಎಣ್ಣೆ 160 ಡಿಗ್ರಿ ಆಸುಪಾಸು, ಉರಿ ಸಣ್ಣದು. ಹಿಟ್ಟಿನಲ್ಲಿ ಸಕ್ಕರೆ ಇರುವುದರಿಂದ ಜೋರು ಉರಿಯಲ್ಲಿ ಹೊರಗೆ ಬೇಗ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ, ಮರುದಿನ ಮೆತ್ತಗಾಗುವುದು ಅಂಥದ್ದೇ.

ರೋಸ್ ಕುಕೀಸ್ ಅಂಟುವುದಕ್ಕೆ ಅಚ್ಚು ಪಳಗದಿರುವುದು ಕಾರಣ. ಹೊಸ ಕಬ್ಬಿಣದ ಅಚ್ಚನ್ನು ಕಾದ ಎಣ್ಣೆಯಲ್ಲಿ ಹತ್ತು ನಿಮಿಷ ಇಟ್ಟು, ಉರಿ ಆರಿಸಿ, ರಾತ್ರಿಯಿಡೀ ಅದೇ ಎಣ್ಣೆಯಲ್ಲಿ ಬಿಡಿ. ಮುಂದೆಂದೂ ಸಾಬೂನು ಹಾಕಿ ತಿಕ್ಕಬೇಡಿ, ಕಾಗದದಲ್ಲಿ ಒರೆಸಿಟ್ಟರೆ ಸಾಕು. ಹಿಟ್ಟಿಗೆ ಮೈದಾ 150 ಗ್ರಾಂ, ಅಕ್ಕಿ ಹಿಟ್ಟು 50, ಸಕ್ಕರೆ 75, ಒಂದು ಮೊಟ್ಟೆ, ಚಿಟಿಕೆ ಉಪ್ಪು, ಕರಿ ಎಳ್ಳು, ತೆಳು ತೆಂಗಿನಹಾಲು ಸುಮಾರು 250 ಮಿಲಿ. ನೀರುದೋಸೆಗಿಂತ ದಪ್ಪ, ಉದ್ದಿನ ದೋಸೆಗಿಂತ ತೆಳು. ಸಕ್ಕರೆ ಇದಕ್ಕಿಂತ ಹೆಚ್ಚಾದರೆ ಪಳಗಿದ ಅಚ್ಚಿಗೂ ಅಂಟುತ್ತದೆ. ಪ್ರತಿ ಸಲವೂ ಅಚ್ಚನ್ನು ಎಣ್ಣೆಯಲ್ಲಿ ಕಾಯಿಸಿ, ಹನಿ ಝಾಡಿಸಿ, ಹಿಟ್ಟಿನಲ್ಲಿ ಮುಕ್ಕಾಲು ಮಟ್ಟಕ್ಕೆ ಮಾತ್ರ ಅದ್ದಿ. ಮೇಲಂಚು ದಾಟಿ ಹಿಟ್ಟು ಮುಚ್ಚಿಕೊಂಡರೆ ಬಿಡಿಸಿಕೊಂಡು ಬರಲು ದಾರಿಯೇ ಇರುವುದಿಲ್ಲ. ಅದ್ದಿದಾಗ ಸಣ್ಣಗೆ ಚುಂಯ್ ಅನ್ನಬೇಕು. ಸದ್ದೇ ಇಲ್ಲದಿದ್ದರೆ ಅಚ್ಚು ತಣ್ಣಗಿದೆ, ಹಿಟ್ಟು ಜಾರುತ್ತದೆ. ಜೋರಾಗಿ ಕುದಿದು ಹಿಟ್ಟು ಅಚ್ಚಿನಿಂದ ಕಳಚಿ ಪಾತ್ರೆಯಲ್ಲೇ ಉಳಿದರೆ ಅತಿಯಾಗಿ ಕಾದಿದೆ.

ನಕ್ಷತ್ರ, ಗಿಡದ ಆಕಾರ ಕತ್ತರಿಸಿ ಇಟ್ಟರೆ ಎಲ್ಲವೂ ಮೋಡದ ಆಕಾರವಾಗಿ ಹೊರಬರುತ್ತದೆ. ಮಕ್ಕಳು ನಗುತ್ತಾರೆ. ಅವರನ್ನೂ ಸೇರಿಸಿಕೊಂಡು ಮಾಡುವ ಸುಲಭ ಬಿಸ್ಕತ್ತು ತಿಳಿಸಿ.
— ಮೈಸೂರಿನ ಓದುಗರು

ತೂಕದಲ್ಲಿ ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಮೈದಾ. ಈ ಲೆಕ್ಕ ಮಕ್ಕಳಿಗೂ ಬಾಯಿಪಾಠವಾಗುತ್ತದೆ. 100 ಗ್ರಾಂ ಪುಡಿ ಸಕ್ಕರೆ, 200 ಗ್ರಾಂ ಬೆಣ್ಣೆ, 300 ಗ್ರಾಂ ಮೈದಾ, ಚಿಟಿಕೆ ಉಪ್ಪು, ಒಂದು ಟೀ ಚಮಚ ವೆನಿಲಾ. ಸೋಡಾ, ಬೇಕಿಂಗ್ ಪೌಡರ್ ಯಾವುದೂ ಬೇಡ. ಆಕಾರ ನಿಲ್ಲಬೇಕಾದ ಬಿಸ್ಕತ್ತಿಗೆ ಉಬ್ಬಿಸುವ ಪುಡಿ ಶತ್ರು, ನಿಮ್ಮ ನಕ್ಷತ್ರ ಮೋಡವಾಗುವುದರಲ್ಲಿ ಅದರ ಪಾಲು ಖಂಡಿತ ಇದೆ.

ಇನ್ನೊಂದು ಪಾಲು ಮಕ್ಕಳ ಬೆಚ್ಚನೆ ಕೈಯದು. ಕಲಸಿದ ಹಿಟ್ಟನ್ನು ಎರಡು ಬಟರ್ ಪೇಪರ್ ನಡುವೆ ಇಟ್ಟು ಮೊದಲೇ 5 ಮಿಲಿಮೀಟರಿಗೆ ಲಟ್ಟಿಸಿ, ಪೇಪರ್ ಸಮೇತ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡಿ. ಉಂಡೆಯಾಗಿ ಇಟ್ಟರೆ ಕಲ್ಲಾಗಿ ಲಟ್ಟಿಸುವಾಗ ಒಡೆಯುತ್ತದೆ. ಆಮೇಲೆ ಮಕ್ಕಳ ಕೈಗೆ ಅಚ್ಚು ಕೊಡಿ. ಅಚ್ಚನ್ನು ನೇರ ಒತ್ತಿ ನೇರ ಎತ್ತಬೇಕು, ತಿರುಚಿದರೆ ಅಂಚು ಹರಿಯುತ್ತದೆ. ಕತ್ತರಿಸಿದ್ದನ್ನು ತಟ್ಟೆ ಸಮೇತ ಫ್ರೀಜರಿನಲ್ಲಿ ಹತ್ತು ನಿಮಿಷ ಇಟ್ಟು, ತಣ್ಣಗಿರುವಾಗಲೇ 170 ಡಿಗ್ರಿ ಓವನ್ನಿಗೆ ಹಾಕಿ, 12ರಿಂದ 14 ನಿಮಿಷ. ಸಣ್ಣದು ದೊಡ್ಡದು ಒಂದೇ ತಟ್ಟೆಯಲ್ಲಿ ಬೆರೆಸಬೇಡಿ. ದೊಡ್ಡ ಗಿಡ ಬೇಯುವಷ್ಟರಲ್ಲಿ ಸಣ್ಣ ನಕ್ಷತ್ರದ ತುದಿ ಕಪ್ಪಾಗಿರುತ್ತದೆ.

ನಾಲ್ಕೈದು ವರ್ಷದವರಿಗೆ ಅಚ್ಚೊತ್ತುವ, ದ್ರಾಕ್ಷಿ ಅಂಟಿಸುವ ಕೆಲಸ. ಎಂಟು ದಾಟಿದವರು ತೂಗಬಲ್ಲರು, ಜರಡಿ ಹಿಡಿಯಬಲ್ಲರು. ಓವನ್ನಿನ ಬಾಗಿಲು ದೊಡ್ಡವರದು. ಮೇಲೆ ಬಿಳಿ ಬಳಿಯಲು 100 ಗ್ರಾಂ ನುಣುಪು ಪುಡಿ ಸಕ್ಕರೆಗೆ ನಿಂಬೆರಸವನ್ನೋ ಹಾಲನ್ನೋ ಮೂರರಿಂದ ನಾಲ್ಕು ಟೀ ಚಮಚ, ಒಂದೊಂದೇ ಹನಿಸಿ ಕಲಸಿ. ಐದನೆಯ ಚಮಚಕ್ಕೆ ಅದು ಶರಬತ್ತಾಗುತ್ತದೆ. ಬಿಸ್ಕತ್ತು ಪೂರ್ತಿ ಆರಿದ ಮೇಲಷ್ಟೇ ಬಳಿಯಬೇಕು. ಕಲಸುವುದು ಒಂದು ದಿನ, ಬೇಯಿಸುವುದು ಮರುದಿನ ಎಂದು ಹಂಚಿಕೊಂಡರೆ ರಜೆಯ ಎರಡು ಮಧ್ಯಾಹ್ನ ಕಳೆಯುತ್ತವೆ, ಅಡುಗೆಮನೆಯೂ ರಣರಂಗವಾಗುವುದಿಲ್ಲ. ಈ ಹಿಟ್ಟು ಫ್ರಿಜ್ಜಿನಲ್ಲಿ ಎರಡು ಮೂರು ದಿನ, ಫ್ರೀಜರಿನಲ್ಲಿ ಒಂದು ತಿಂಗಳು ಇರುತ್ತದೆ.

ಮೈದಾ ಬಿಟ್ಟು ರಾಗಿಯಲ್ಲಿ, ಬೆಲ್ಲ ಹಾಕಿ ಮಾಡಿದರೆ ಕೈಗೆತ್ತಿಕೊಂಡ ಕೂಡಲೇ ಪುಡಿ. ರಾಗಿ ಹುರಿಹಿಟ್ಟು ಆಗುತ್ತದೆಯೇ?
— ಮಂಡ್ಯದ ಓದುಗರು

ರಾಗಿಯಲ್ಲಿ ಗೋಧಿಯ ಅಂಟಿಲ್ಲ, ಹಿಡಿದುಕೊಳ್ಳಲು ಏನೂ ಇಲ್ಲ. ರಾಗಿ ಹಿಟ್ಟು 120 ಗ್ರಾಂ, ಗೋಧಿ ಹಿಟ್ಟು 80, ಬೆಣ್ಣೆ 110, ಪುಡಿ ಬೆಲ್ಲ 80, ಬೇಕಿಂಗ್ ಪೌಡರ್ ಕಾಲು ಟೀ ಚಮಚ, ಹಾಲು ಒಂದರಿಂದ ಮೂರು ಟೇಬಲ್ ಚಮಚ. ರಾಗಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿದು, ಪೂರ್ತಿ ಆರಿಸಿ ಬಳಸಿ. ಬಿಸಿ ಇರುವಾಗ ಹಾಕಿದರೆ ಬೆಣ್ಣೆ ಕರಗಿ ಧಾರವಾಡದವರ ಹಪ್ಪಳದ ಕತೆಯೇ. ಕಲಸಿದ ಮೇಲೆ 20 ನಿಮಿಷ ಬಿಟ್ಟರೆ ರಾಗಿ ಹಾಲು ಹೀರಿ ಹಿಟ್ಟು ಕೂಡಿಕೊಳ್ಳುತ್ತದೆ. ಹುರಿಹಿಟ್ಟು ಹಾಕಬಹುದು, ರುಚಿ ಇನ್ನೂ ಮೇಲು. ಅರಳು ಮಾಡಿ ಬೀಸಿದ ಹಿಟ್ಟಾದ್ದರಿಂದ ಅದು ಹೆಚ್ಚು ಹಾಲು ಕುಡಿಯುತ್ತದೆ, ಒಂದೆರಡು ಚಮಚ ಜಾಸ್ತಿ ಇಟ್ಟುಕೊಳ್ಳಿ.

ಈ ಬಿಸ್ಕತ್ತು ಬೆಂದಿದ್ದು ಬಣ್ಣದಿಂದ ತಿಳಿಯದು, ಹಸಿ ಇದ್ದಾಗಲೂ ಕಂದೇ. 165 ಡಿಗ್ರಿಯಲ್ಲಿ 15 ನಿಮಿಷ ಇಟ್ಟು ಅಂಚು ಮುಟ್ಟಿ ನೋಡಿ. ಅಂಚು ಗಟ್ಟಿ, ನಡು ತುಸು ಮೆದು ಇದ್ದರೆ ಹೊರತೆಗೆಯಿರಿ. ತಟ್ಟೆಯಲ್ಲೇ ಹದಿನೈದು ನಿಮಿಷ ಆರಲು ಬಿಡಿ. ಕೈಗೆತ್ತಿದ ಕೂಡಲೇ ಪುಡಿಯಾಗುವುದು ಬಹುಪಾಲು ಬಿಸಿ ಇರುವಾಗ ಎತ್ತಿದ್ದಕ್ಕೆ.

ಮೊಟ್ಟೆ ತಿನ್ನದ ಮನೆ ನಮ್ಮದು. ಪಾಕವಿಧಾನದಲ್ಲಿ ಒಂದು ಮೊಟ್ಟೆ ಎಂದಿದ್ದರೆ ಏನು ಹಾಕಬೇಕು?
— ಶಿರಸಿಯ ಓದುಗರು

ಬಿಸ್ಕತ್ತಾದರೆ ಮೂರು ಟೇಬಲ್ ಚಮಚ ಹಾಲು, ಅದನ್ನೂ ಒಟ್ಟಿಗೆ ಸುರಿಯದೆ ಬೇಕಾದಷ್ಟೇ. ಸಿಪ್ಪೆ ತೆಗೆದ ಮೊಟ್ಟೆಯ ತೂಕ ಸುಮಾರು 50 ಗ್ರಾಂ, ಅದರ ಮುಕ್ಕಾಲು ಪಾಲು ನೀರೇ. ಗೋಡಂಬಿ ಮಕರೂನಿಗೆ ಮಾತ್ರ ಈ ಉಪಾಯ ನಡೆಯದು. ಅದು ನಿಂತಿರುವುದೇ ಮೊಟ್ಟೆಯ ಬಿಳಿಯ ನೊರೆಯ ಮೇಲೆ. ಅದನ್ನು ಬಿಟ್ಟುಬಿಡಿ, ಮಾಡಲು ಬೇರೆ ಬೇಕಾದಷ್ಟಿವೆ.

ಅಮೆರಿಕದಲ್ಲಿದ್ದೇವೆ. ನಿಮ್ಮ 165, 170 ಡಿಗ್ರಿಗೆ ಇಲ್ಲಿಯ ಓವನ್ನಿನಲ್ಲಿ ಏನು ಒತ್ತಬೇಕು? ಊರಿನ ಒಟಿಜಿ ಎಂಬ ವಿದ್ಯುತ್ ಓವನ್ನಿನಲ್ಲಿ ಮಾಡಿದಾಗ ಮೇಲ್ಭಾಗ ಸೀದಿತ್ತು.
— ನ್ಯೂಜೆರ್ಸಿಯ ಓದುಗರು

ನಮ್ಮ 165 ಅಲ್ಲಿಯ 325–330, ನಮ್ಮ 170 ಅಲ್ಲಿಯ 340. ಅಲ್ಲಿ ಎಲ್ಲ ಪಾಕವಿಧಾನದಲ್ಲೂ ಕಾಣುವ 350 ಅಂದರೆ ನಮ್ಮ 177. ಫ್ಯಾನ್ ಓಡುವ ಕನ್ವೆಕ್ಷನ್ ಇಟ್ಟರೆ 25 ಫ್ಯಾರನ್‌ಹೀಟ್ ಇಳಿಸಿ. ಅಲ್ಲಿಯ ಬೆಣ್ಣೆಯ ಒಂದು ಕಡ್ಡಿ 113 ಗ್ರಾಂ. ಮೈದಾ ಹೇಳಿದ ಕಡೆ ಆಲ್ ಪರ್ಪಸ್ ಹಿಟ್ಟನ್ನು ಅದೇ ತೂಕಕ್ಕೆ ಹಾಕಿ. ಕಡಲೆ ಹಿಟ್ಟು ಭಾರತೀಯ ಅಂಗಡಿಯಿಂದಲೇ ತನ್ನಿ.

ಊರಿನ ಒಟಿಜಿ ಚಿಕ್ಕ ಪೆಟ್ಟಿಗೆ. ಮೇಲಿನ ಕಾಯುವ ಕಂಬಿ ಬಿಸ್ಕತ್ತಿಗೆ ಒಂದು ಗೇಣೂ ದೂರವಿರುವುದಿಲ್ಲ. ತಟ್ಟೆಯನ್ನು ನಡುವಿನ ಹಂತದಲ್ಲೋ ಅದಕ್ಕಿಂತ ಕೆಳಗೋ ಇಟ್ಟು, ಮೊದಲರ್ಧ ಕೆಳಗಿನ ಕಂಬಿ ಮಾತ್ರ, ಉಳಿದರ್ಧ ಎರಡೂ ಹಚ್ಚಿ. ಗುಬುಟಿನ ಮೇಲೆ ಬರೆದ ಡಿಗ್ರಿಯನ್ನು ಪೂರ್ತಿ ನಂಬಬೇಡಿ. ಒಳಗಿಡುವ ಓವನ್ ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನು ಫಾಯಿಲ್ ಮೇಲಿಟ್ಟು 180ರಲ್ಲಿ ಕಾಲು ಗಂಟೆ ಇಡಿ. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. 180ರಲ್ಲೇ ನೀರಾದರೆ ನಿಮ್ಮ ಓವನ್ ಹೇಳುವುದಕ್ಕಿಂತ ಬಿಸಿ ಎಂದರ್ಥ.

ಎಷ್ಟು ಗರಿಯಾಗಿ ಮಾಡಿದರೂ ಡಬ್ಬಿಯಲ್ಲಿ ಎರಡೇ ದಿನಕ್ಕೆ ಮೆತ್ತಗಾಗುತ್ತದೆ. ಮಳೆಗಾಲದಲ್ಲಂತೂ ಕೇಳಬೇಡಿ.
— ತೀರ್ಥಹಳ್ಳಿಯ ಓದುಗರು

ಬಿಸಿ ಇರುವಾಗ ಡಬ್ಬಿಗೆ ಹಾಕುತ್ತಿದ್ದೀರಿ, ಅಥವಾ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿಯುತ್ತಿದ್ದೀರಿ. ಜಾಲರಿಯ ಮೇಲೆ ಒಂದು ಗಂಟೆ ಆರಿಸಿ. ಗರಿ ಬಿಸ್ಕತ್ತು ಮೆತ್ತನೆ ಕೇಕಿನ ಜೊತೆ ಇದ್ದರೆ ಅದರ ತೇವವನ್ನು ಇದು ಹೀರುತ್ತದೆ. ಖಾರಾ ಬೇರೆ ಡಬ್ಬಿಯಲ್ಲಿ, ಇಲ್ಲದಿದ್ದರೆ ನಾನ್‌ಖಟಾಯಿಯಲ್ಲಿ ಕರಿಬೇವು ಘಮಘಮಿಸುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಒಂದು ದೊಡ್ಡ ಡಬ್ಬಿಯ ಬದಲು ನಾಲ್ಕು ಚಿಕ್ಕವು ಇಟ್ಟುಕೊಳ್ಳಿ. ತೆರೆದಾಗಲೆಲ್ಲ ತೇವದ ಗಾಳಿ ಒಳಗೆ ಹೋಗುವುದು ಒಂದಕ್ಕೆ ಮಾತ್ರ. ಮೆತ್ತಗಾದದ್ದನ್ನು 130 ಡಿಗ್ರಿಯಲ್ಲಿ ಏಳೆಂಟು ನಿಮಿಷ ಇಟ್ಟು ಆರಿಸಿದರೆ ಗರಿ ಮರಳುತ್ತದೆ. ಚೆನ್ನಾಗಿ ಬೆಂದು ಆರಿದ ಬೆಣ್ಣೆ ಬಿಸ್ಕತ್ತು ಎರಡು ವಾರ ಧಾರಾಳವಾಗಿ ಇರುತ್ತದೆ. ಕಮಟು ವಾಸನೆ ಬಂದರೆ ಅದು ತೇವದ ದೋಷವಲ್ಲ, ಬೆಣ್ಣೆ ಅಥವಾ ಗೋಡಂಬಿ ಹಳತಾಗಿತ್ತು. ಅಂಥದ್ದನ್ನು ಮತ್ತೆ ಬಿಸಿ ಮಾಡಿ ಪ್ರಯೋಜನವಿಲ್ಲ.

ನಾನ್‌ಖಟಾಯಿ ಕಾಫಿಗೆ ಅದ್ದಿದರೆ ಅರ್ಧ ಲೋಟದೊಳಗೇ ಬೀಳುತ್ತದೆ. ಬೀಳದ ಹಾಗೆ ಮಾಡಬಹುದೇ?
— ಚಿಕ್ಕಮಗಳೂರಿನ ಓದುಗರು

ಆಗದು. ಅದನ್ನು ಹಿಡಿದು ನಿಲ್ಲಿಸಿರುವುದು ತುಪ್ಪ, ಬಿಸಿ ಕಾಫಿಗೆ ತುಪ್ಪ ಕರಗುತ್ತದೆ. ಅದ್ದಲು ರಸ್ಕ್ ಇಟ್ಟುಕೊಳ್ಳಿ. ನಾದಿದ ಬ್ರೆಡ್ಡಿನ ಎಳೆ ಅದರಲ್ಲಿದೆ, ಎರಡು ಸಲ ಬೆಂದಿದೆ, ಕಾಫಿ ಕುಡಿದೂ ಕೆಲ ಕ್ಷಣ ನಿಲ್ಲುತ್ತದೆ. ನಾನ್‌ಖಟಾಯಿಯನ್ನು ಬಾಯಿಗೆ ಹಾಕಿಕೊಂಡ ಮೇಲೆ ಕಾಫಿ ಗುಟುಕರಿಸಿ. ಚಮಚದಲ್ಲಿ ತೆಗೆದು ತಿನ್ನುವುದೇ ಇಷ್ಟವಾದರೆ ಲೋಟದ ತಳದಲ್ಲಿ ಬಿದ್ದದ್ದಕ್ಕೂ ನಮ್ಮ ತಕರಾರಿಲ್ಲ.